ಎಡ್ ಟೆಂಪಲ್ ಗೆದ್ದದ್ದು ಮಣ್ಣಿನ ಟ್ರ್ಯಾಕಿನಿಂದಲ್ಲ

ಕಳೆದ ಸಂಚಿಕೆಯಲ್ಲಿ ಬಂದ, ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್ ಕುರಿತ ಲೇಖನ ಓದಿ ದಾವಣಗೆರೆಯ ದೈಹಿಕ ಶಿಕ್ಷಣ ಉಪನ್ಯಾಸಕರೊಬ್ಬರು ಬರೆದಿದ್ದಾರೆ: ‘ಆಕೆಯ ತರಬೇತುದಾರ ಎಡ್ ಟೆಂಪಲ್ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಮಣ್ಣಿನ ಟ್ರ್ಯಾಕಿನಲ್ಲೇ ಒಲಿಂಪಿಕ್ ಚಾಂಪಿಯನ್ನರನ್ನು ಬೆಳೆಸಿದವರು ಅವರು. ಸಿಂಥೆಟಿಕ್ ಟ್ರ್ಯಾಕ್ ಇಲ್ಲವೆಂದು ಗೋಳಾಡುವ ನಮ್ಮ ವಿಶ್ವವಿದ್ಯಾಲಯಗಳಿಗೆ ಇದೇ ಉತ್ತರವಲ್ಲವೇ?’

ಮಾನ್ಯರೇ, ಅಲ್ಲ. ಟೆಂಪಲ್ ಮೇಲಿನ ನಿಮ್ಮ ಅಭಿಮಾನ ನನಗೂ ಇದೆ. ನೀವು ತೆಗೆದ ತೀರ್ಮಾನ ಮಾತ್ರ ಒಪ್ಪಿಗೆಯಿಲ್ಲ.

ದಕ್ಷಿಣ ಅಮೆರಿಕ ಸಂಸ್ಥಾನದ ಭಾಗವಾದ ನ್ಯಾಶ್ವಿಲ್‌ನ ಟೆನೆಸ್ಸೀ ಸ್ಟೇಟ್ ಕಪ್ಪು ಜನರ ವಿಶ್ವವಿದ್ಯಾಲಯ. ಅಲ್ಲಿ ಟೆಂಪಲ್ ಸಮಾಜಶಾಸ್ತ್ರ ಕಲಿಸುತ್ತಲೇ ‘ಟೈಗರ್‌ಬೆಲ್ಸ್’ ಎಂಬ ಹೆಣ್ಣುಮಕ್ಕಳ ತಂಡವನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ತಯಾರು ಮಾಡಿದರು. ವರ್ಣಭೇದದ ಆ ದಿನಗಳಲ್ಲಿ ದಕ್ಷಿಣದ ಹೋಟೆಲುಗಳು ಇವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕ್ಯಾಂಪಸ್ಸಿನಿಂದಲೇ ಬುತ್ತಿ ಕಟ್ಟಿಕೊಂಡು ಕಾರಿನಲ್ಲಿ ಪಂದ್ಯಗಳಿಗೆ ಹೋಗಬೇಕಿತ್ತು. ಶಿಸ್ತಿನಲ್ಲಿ ಟೆಂಪಲ್ ನಿಷ್ಠುರರು: ತಡವಾದ ಪ್ರತಿ ನಿಮಿಷಕ್ಕೂ ಒಂದು ಸುತ್ತು. ಅರ್ಧ ಗಂಟೆ ತಡವಾಗಿ ಬಂದ ರುಡಾಲ್ಫ್ ಮೂವತ್ತು ಸುತ್ತು ಓಡಿ, ಮರುದಿನ ಅರ್ಧ ಗಂಟೆ ಮೊದಲೇ ಹಾಜರಾದರಂತೆ. 1960ರ ರೋಮ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ 4×100 ಮೀಟರ್ ರಿಲೇ ತಂಡದ ನಾಲ್ವರೂ ಅವರ ಶಿಷ್ಯೆಯರೇ. 1964ರಲ್ಲಿ 100 ಮೀಟರ್ ಚಿನ್ನ ಗೆದ್ದು 1968ರಲ್ಲೂ ಉಳಿಸಿಕೊಂಡ ವಯೋಮಿಯಾ ಟೈಯಸ್ ಕೂಡ.

ಇಷ್ಟೆಲ್ಲ ಹೇಗೆ ಸಾಧ್ಯವಾಯಿತು? ಪ್ರತಿಭೆ ಗುರುತಿಸುವ ಕಣ್ಣಿತ್ತು. ಹೈಸ್ಕೂಲು ಹುಡುಗಿಯರನ್ನು ಬೇಸಿಗೆಯಲ್ಲೇ ಕರೆಸಿ ಪಳಗಿಸುತ್ತಿದ್ದರು. ಇನ್ನೊಂದು ಕಾರಣ ಅಷ್ಟು ಹಿತವಾದದ್ದಲ್ಲ. ಹಣವಿದ್ದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಆಗ ಹೆಣ್ಣುಮಕ್ಕಳ ಓಟ ಬೇಕೇ ಇರಲಿಲ್ಲ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ 1972ರ ಕಾನೂನಿನ ನಂತರ ಅವು ವಿದ್ಯಾರ್ಥಿವೇತನ, ಒಳ್ಳೆಯ ಮೈದಾನ ಹಿಡಿದು ಬಂದವು. ಟೆಂಪಲ್ ಅವರ ದಾರಿ ಕಡಿದಾಯಿತು. ಮಣ್ಣು ಅವರ ಗುಟ್ಟಾಗಿರಲಿಲ್ಲ, ಅನಿವಾರ್ಯವಾಗಿತ್ತು. ಅದನ್ನು ಆದರ್ಶ ಮಾಡಿಟ್ಟರೆ ಅನುದಾನ ತಡೆಹಿಡಿಯುವವರಿಗೆ ನಾವೇ ನೆಪ ಒದಗಿಸಿದಂತೆ.

ನಮ್ಮ ವಿಶ್ವವಿದ್ಯಾಲಯಗಳನ್ನು ಟೆಂಪಲ್ ಹೆಸರಿನಲ್ಲಿ ಕೇಳಲೇಬೇಕೆಂದರೆ ಬೇರೊಂದು ಲೆಕ್ಕ ಕೇಳಿ. ಅವರ ಗರಡಿಯಿಂದ ಒಲಿಂಪಿಕ್ಸ್‌ಗೆ ಹೋದವರು 40 ಮಂದಿ. ಅವರಲ್ಲಿ 39 ಮಂದಿ ಪದವಿ ಪಡೆದರು. ಕ್ರೀಡಾ ಕೋಟಾದಲ್ಲಿ ಸೇರಿಸಿಕೊಂಡ ಎಷ್ಟು ಹುಡುಗಿಯರ ಕೈಗೆ ನಾವು ಪದವಿ ಕೊಟ್ಟು ಕಳಿಸುತ್ತಿದ್ದೇವೆ? ಪದಕಪಟ್ಟಿ ಮುದ್ರಿಸುವ ನಮ್ಮ ಪತ್ರಿಕೆಗಳೂ ಇದನ್ನು ಕೇಳುವುದಿಲ್ಲ.

1994ರಲ್ಲಿ ಟೆಂಪಲ್ ನಿವೃತ್ತರಾದಾಗ ತಂಡದ ಹೊಣೆ ಹೊತ್ತವರು ಚಾಂಡ್ರಾ ಚೀಸ್‌ಬರೋ: 1984ರ ಲಾಸ್ ಏಂಜಲಿಸ್‌ನಲ್ಲಿ ರಿಲೇಗಳಲ್ಲಿ ಎರಡು ಚಿನ್ನ ಗೆದ್ದ, ಅವರದೇ ಶಿಷ್ಯೆ.

- ಸಂ.