ಡೇಕೇರ್‌ನವರು ಮಗಳನ್ನ ದಿನಾ ಟಿವಿ ಮುಂದೆ ಕೂಡಿಸ್ತಾರೆ, ನಾನು ಸುಮ್ಮನಿರಬೇಕಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ವಿಜಯಪುರದಲ್ಲಿದ್ದೀರಿ, ಗಂಡ ಹೆಂಡತಿ ಇಬ್ಬರಿಗೂ ನೌಕರಿ, ಮಗಳಿಗೆ 20 ತಿಂಗಳು. ಬೆಳಿಗ್ಗೆ ಒಂಬತ್ತೂವರೆಗೆ ನರ್ಸರಿಯಲ್ಲಿ ಬಿಟ್ಟರೆ ಕರೆದುಕೊಂಡು ಬರೋದು ಸಂಜೆ ಐದೂಮುಕ್ಕಾಲಿಗೆ. ಅಲ್ಲಿ ದಿನಕ್ಕೆ ಸುಮಾರು ಎರಡು ತಾಸು ಟಿವಿಯಲ್ಲಿ ರೈಮ್ಸ್ ಹಚ್ಚುತ್ತಾರೆ. ಕೇಳಿದರೆ "ಇಂಗ್ಲಿಷ್ ಕಲೀತಾವ್ರಿ" ಅನ್ನುತ್ತಾರೆ. ನಾನೇ ಅತಿ ಮಾಡ್ತಿದ್ದೀನಾ ಅಂತ ಕೇಳಿದ್ದೀರಿ.

ಅತಿ ಏನೂ ಇಲ್ಲ. ಅಷ್ಟು ಸಣ್ಣ ಕೂಸಿಗೆ ಟಿವಿ ಬೇಡವೇ ಬೇಡ. ಆದರೆ ಜಗಳಕ್ಕೆ ಹೊರಡುವ ಮೊದಲು ಒಂದು ಮಾತು ಹೇಳಿಬಿಡ್ತೀನಿ. ನಾನೂ ಡೇಕೇರ್‌ನವಳೇ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆಯ ಕೆಳಗಿನ ಭಾಗದಲ್ಲೇ ಒಂಬತ್ತು ವರ್ಷ ಡೇಕೇರ್ ನಡೆಸಿದ್ದೇನೆ. ಅದರಲ್ಲಿ ಒಂದೂವರೆ ವರ್ಷ ನಾನೂ ಟಿವಿ ಹಚ್ಚಿ ಮಕ್ಕಳನ್ನ ಕೂಡಿಸಿದವಳೇ.

ನಮ್ಮೂರಲ್ಲಿ ಡೇಕೇರ್ ಯಾಕೆ ಬೇಕಾಯ್ತು ಅನ್ನೋದೇ ಒಂದು ಕಥೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಭಾಗ ಹೋಯ್ತು, ಜನ ಸೆಕ್ಟರ್ ಸೆಕ್ಟರ್ ಆಗಿ ಹಂಚಿಹೋದರು. ಹಳೆ ಪ್ಯಾಟಿಯ ಓಣಿಯಲ್ಲಿ ಕಟ್ಟೆ ಮೇಲೆ ಕೂತಿರುತ್ತಿದ್ದ ನಾಲ್ಕು ಮುದುಕಿಯರೇ ಆಗಿನ ಡೇಕೇರ್. ಇರಲಿ, ಅದು ಬೇರೆ ಮಾತಾಯ್ತು.

2016ರ ದೀಪಾವಳಿಗೆ 32 ಇಂಚಿನ ಟಿವಿ ತಂದೆ. ಮಕ್ಕಳು ಹದಿನಾಲ್ಕು, ನೋಡಿಕೊಳ್ಳೋರು ನಾನು ಮತ್ತು ಒಬ್ಬಳು ಆಯಾ. ಮೊದಲು ಊಟದ ಹೊತ್ತಿಗೆ ಇಪ್ಪತ್ತು ನಿಮಿಷ ಅಷ್ಟೇ ಅಂತ ಇತ್ತು. ಒಂದಿನ ಆಯಾ ಬರಲಿಲ್ಲ, ಅವತ್ತು ಮಧ್ಯಾಹ್ನವೂ ಹಚ್ಚಿದೆ. ಇನ್ನೊಂದಿನ ಒಂದು ಕೂಸಿಗೆ ಭೇದಿ. ನಾನು ಅದನ್ನೆತ್ತಿಕೊಂಡು ಬಚ್ಚಲಲ್ಲಿ, ಉಳಿದ ಹದಿಮೂರು ಟಿವಿ ಮುಂದೆ. ಆರು ತಿಂಗಳು ಕಳೆಯೋದರೊಳಗೆ ನೆಪ ಬೇಕಾಗೋದೇ ನಿಂತಿತು. ರಿಮೋಟ್ ನನ್ನ ಸೊಂಟದಲ್ಲೇ ಇರುತ್ತಿತ್ತು, ಕೀಲಿಕೈ ಗೊಂಚಲಿನ ಪಕ್ಕ. ಅದು ನಮ್ಮ ಎರಡನೇ ಆಯಾ ಆಗಿತ್ತು. ಪಗಾರ ಕೇಳೋದಿಲ್ಲ, ರಜೆ ಹಾಕೋದಿಲ್ಲ, ಹಬ್ಬಕ್ಕೆ ಸೀರೆ ಕೊಡಬೇಕಿಲ್ಲ.

ಪಾಲಕರಿಗೆ ಇದು ಗೊತ್ತಿತ್ತಾ ಅಂದ್ರೆ, ಇಲ್ಲ. ಐದು ಗಂಟೆ ಆಯ್ತು ಅಂದ್ರೆ ಟಿವಿ ಆರಿಸುತ್ತಿದ್ದೆವು. ಒಬ್ಬೊಬ್ಬರದೇ ಮೂತಿ ತೊಳೆದು, ಪೌಡರ್ ಹಚ್ಚಿ, ತಲೆ ಬಾಚಿ, ಆಟಿಗೆ ಸಾಮಾನಿನ ಬುಟ್ಟಿ ಚಾಪೆ ಮೇಲೆ ಸುರುವಿ ಇಡುತ್ತಿದ್ದೆವು. ಐದೂವರೆಗೆ ಬಂದ ತಾಯಂದಿರಿಗೆ ಕಾಣೋದು ಆಡುತ್ತಿರುವ ಮಕ್ಕಳು. ಮೋಸ ಮಾಡಬೇಕು ಅಂತಲೇ ಮಾಡಿದ್ದಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಬರೆಯುವಾಗ ಮೋಸ ಅಂತಲೇ ಕಾಣ್ತದೆ.

ಬೇಸಿಗೆಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಒಂದೂವರೆ ತನಕ ಅಷ್ಟೇ ಅಲ್ವಾ? 2018ರ ಏಪ್ರಿಲ್‌ನಲ್ಲಿ ಕಚೇರಿಯೊಂದರಲ್ಲಿ ಕ್ಲಾರ್ಕ್ ಆಗಿದ್ದ ಒಬ್ಬ ತಾಯಿ ಹೇಳದೆ ಕೇಳದೆ ಒಂದೂಮುಕ್ಕಾಲಿಗೆ ಬಂದುಬಿಟ್ಟರು. ಬಾಗಿಲು ತೆರೆದ ಕೂಡಲೇ ಹೊರಗಿನ ಬಿಸಿಲು ಪರದೆ ಮೇಲೆ ಹೊಡೆದು ಚಿತ್ರ ಮಸುಕಾಯ್ತು. ಒಂದೆರಡು ಮಕ್ಕಳು ಕಿರಿಕಿರಿಯಾಗಿ ಕತ್ತು ವಾರೆ ಮಾಡಿದವು, ಚಿತ್ರ ಎಲ್ಲಿ ಹೋಯ್ತು ಅಂತ. ಅಷ್ಟೇ. ಬಾಗಿಲಲ್ಲಿ ಯಾರು ನಿಂತಿದ್ದಾರೆ ಅಂತ ಒಂದು ಕೂಸೂ ಹೊರಳಿ ನೋಡಲಿಲ್ಲ. ಆಕೆಯ ಮಗಳೂ ನೋಡಲಿಲ್ಲ. ದಿನಾ ಸಂಜೆ ಓಡಿ ಹೋಗಿ ಅವ್ವನ ಕಾಲು ತಬ್ಬಿಕೊಳ್ಳುವ ಹುಡುಗಿ ಅದು.

"ಅಕ್ಕಾರ, ಇಕಿ ದಿನಾ ಹಿಂಗ ಇರ್ತಾಳೇನ್ರಿ?" ಅಂದರು ಆಕೆ. "ಇಲ್ರೀ, ಈಗರ ಹಚ್ಚೇವ್ರಿ" ಅಂತ ನನ್ನ ಬಾಯಿಂದ ಸುಳ್ಳು ಬಂತು. ಆಕೆ ಮತ್ತೇನೂ ಅನ್ನಲಿಲ್ಲ, ಚೀಲ ಹೆಗಲಿಗೆ ಹಾಕಿಕೊಂಡು, ಕೂಸನ್ನೆತ್ತಿಕೊಂಡು ಹೋದರು. ಬೈದಿದ್ದರೆ ನಾನೂ ತಿರುಗಿ ಅಂದು ಮರೆತುಬಿಡುತ್ತಿದ್ದೆ. ಬೈಯದೇ ಹೋದದ್ದಕ್ಕೇ ನಾನು ಟಿವಿ ನಿಲ್ಲಿಸಿದ್ದು.

ಇನ್ನು ನಿಮಗೆ ಹೇಳಿದ "ಇಂಗ್ಲಿಷ್ ಕಲೀತಾವ್ರಿ" ಮಾತು. ಅದನ್ನೂ ನಾನು ಪಾಲಕರಿಗೆ ಹೇಳಿದ್ದೇನೆ! ನಮ್ಮಲ್ಲಿ ಎರಡು ವರ್ಷ ದಾಟಿದ ಒಂದು ಹುಡುಗಿ ಟಿವಿ ಜೊತೆ ರೆಡ್, ಬ್ಲೂ, ಯೆಲ್ಲೋ ಅಂತ ರಾಗವಾಗಿ ಹಾಡುತ್ತಿತ್ತು. ಮನೆಯವರಿಗೆ ಬಹಳ ಖುಷಿ. ಆದರೆ ಕೆಂಪು ಲೋಟ ತಗೊಂಡು ಬಾ ಅಂದ್ರೆ ನಿಂತು ನೋಡುತ್ತಿತ್ತು. ನೀರಡಿಕೆಯಾದರೆ ಫಿಲ್ಟರ್ ಹತ್ತಿರ ನಿಂತು ನನ್ನ ನಿರಿಗೆ ಜಗ್ಗಿ ಅಳೋದೇ ಹೊರತು "ನೀರ" ಅನ್ನುವ ಒಂದು ಮಾತು ಇಲ್ಲ. ಟಿವಿ ನಿಂತ ಮೇಲೆ ಆಯಾ ಒಂದು ರೂಢಿ ಮಾಡಿಕೊಂಡಳು. ಲೋಟ ತೋರಿಸಿ "ನೀರ ಬೇಕಾ? ನೀರ?" ಅಂತ ಕೇಳಿ, ಕೊಡೋಕೆ ಮುಂಚೆ ಸ್ವಲ್ಪ ಕಾಯೋದು. ಕಾರಹುಣ್ಣಿವಿ ಹೊತ್ತಿಗೆ ಆ ಹುಡುಗಿ "ನೀಯ" ಅಂತು. ವಯಸ್ಸಿಗೆ ತಾನೇ ಬರುವ ಮಾತು ಬಂತೋ, ಟಿವಿ ಬಿಟ್ಟದ್ದಕ್ಕೆ ಬಂತೋ, ಆಣೆ ಮಾಡಿ ಹೇಳಲಾರೆ.

ಆದರೆ ಇದನ್ನ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಪೆಟ್ರಿಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮನೆಮಾತಿನ 9 ತಿಂಗಳ ಕೂಸುಗಳ ಎದುರು ಚೀನಾದ ಮ್ಯಾಂಡರಿನ್ ಭಾಷೆಯವರನ್ನ ಕೂಡಿಸಿ 12 ಸಲ ಆಟ ಆಡಿಸಿ, ಪುಸ್ತಕ ಓದಿಸಿದರು. ಆ ಕೂಸುಗಳಿಗೆ ಮ್ಯಾಂಡರಿನ್ ಧ್ವನಿಗಳ ವ್ಯತ್ಯಾಸ ಹಿಡಿಯೋಕೆ ಬಂತು. ಇನ್ನೊಂದಷ್ಟು ಕೂಸುಗಳಿಗೆ ಅದೇ ಮಂದಿಯನ್ನ, ಅದೇ ಮಾತನ್ನ ಟಿವಿಯಲ್ಲಿ ತೋರಿಸಿದರು. ಅವುಗಳಿಗೆ ಏನೂ ಹತ್ತಲಿಲ್ಲ, ಆ ಭಾಷೆ ಕೇಳದೇ ಇದ್ದ ಕೂಸುಗಳ ಹಾಗೇ ಉಳಿದವು. ಎದುರಿಗೆ ಕೂತವರು ಕೂಸಿನ ಕಣ್ಣು ಎತ್ತ ಹೋಗ್ತದೆ ನೋಡಿ ಅತ್ತಲೇ ಮಾತಾಡ್ತಾರಲ್ಲ, ಪರದೆಗೆ ಅದು ಬರೋದಿಲ್ಲ.

ಇನ್ನೊಂದಿದೆ, ಇದು ನಮ್ಮಂಥ ಡೇಕೇರ್‌ಗಳಿಗೆ ನೇರ ತಟ್ಟುವಂಥದ್ದು. ಟಿವಿ ಹಚ್ಚಿದಾಗ ದೊಡ್ಡವರ ಬಾಯಿ ಮುಚ್ಚುತ್ತದೆ. 2009ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಮಕ್ಕಳ ಅಂಗಿಯಲ್ಲಿ ಸಣ್ಣ ರೆಕಾರ್ಡರ್ ಇಟ್ಟು ಎಣಿಸಿದ್ದರು. ಮನೆಯಲ್ಲಿ ಟಿವಿ ಕೇಳಿಸುವ ಒಂದೊಂದು ತಾಸಿಗೆ ಕೂಸಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದಗಳಷ್ಟು ಕಡಿಮೆ. ನಾನಂತೂ ಲೆಕ್ಕ ಇಟ್ಟಿಲ್ಲ, ಆದರೆ ಟಿವಿ ಇದ್ದ ದಿನಗಳಲ್ಲಿ ಮಕ್ಕಳಿಗೆ ನಾವು ಆಡುತ್ತಿದ್ದದ್ದು "ಕೂಡ್ರಿ", "ಸರೀರಿ", "ಬಾಯಿ ತಗೀ" ಇಷ್ಟೇ.

ಬಾಯಿ ತೆಗೆ ಅಂದೆನಲ್ಲ, ಊಟದ ಸಂಗತಿ ಇನ್ನೂ ಕೆಟ್ಟದ್ದು. ಟಿವಿ ಮುಂದೆ ಉಣಿಸೋದು ಸಲೀಸು ಅಂತ ಎಲ್ಲರೂ ಹೇಳ್ತಾರೆ, ನಿಜ, ಬಾಯಿ ತಾನೇ ತೆರೆದುಕೊಳ್ತದೆ. ಒಬ್ಬ ಹುಡುಗನಿಗೆ ಹಿಂಗೇ ಅನ್ನ ತವ್ವಿ ಉಣಿಸಿ ಮುಗಿಸಿದ್ದೆ. ತಾಸಿನ ಮೇಲೆ ಮೂತಿ ತೊಳೆಯಲು ಹೋದರೆ ಒಂದು ಗಲ್ಲ ಉಬ್ಬಿದೆ. ಬೆರಳು ಹಾಕಿ ನೋಡಿದರೆ ಕೊನೆಯ ತುತ್ತು ಹಾಗೇ ಮುದ್ದೆಯಾಗಿ ಕೂತಿದೆ. ಅದೇ ಬಾಯಲ್ಲಿ ಮಲಗಿ ನಿದ್ದೆ ಹೋಗಿದ್ದರೆ ಅಂತ ನೆನೆದು ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಿಯಮ ಕೇಳಿದ್ದೀರಿ. ಭಾರತೀಯ ಮಕ್ಕಳ ತಜ್ಞರ ಸಂಘ 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಯಾವ ಪರದೆಯೂ ಬೇಡ ಅಂತಿದೆ. ದೂರದ ಅಜ್ಜ ಅಜ್ಜಿ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕಾಲ್ ಮಾಡಿದರೆ ಅಡ್ಡಿಯಿಲ್ಲ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಅದೂ ದೊಡ್ಡವರು ಜೊತೆಗಿದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಆ ಒಂದು ತಾಸು ಇಡೀ ದಿನದ ಲೆಕ್ಕ, ಮನೆಯ ಮೊಬೈಲೂ ಅದರಲ್ಲೇ ಬಂತು. ಡೇಕೇರ್ ಅದನ್ನ ಮಧ್ಯಾಹ್ನವೇ ತಿಂದು ಮುಗಿಸಿದರೆ ಸಂಜೆ ಮನೆಯಲ್ಲಿ ಏನು ಮಾಡೋದು? ಅದಕ್ಕೇ ನನ್ನ ಪ್ರಕಾರ ಎಷ್ಟೇ ವಯಸ್ಸಿನ ಕೂಸಿರಲಿ, ಡೇಕೇರ್ ಪಾಲಿಗೆ ಸೊನ್ನೆಯೇ ಸರಿ.

ಈಗ ಪಾಲಕರಿಗೂ ಎರಡು ಮಾತು, ಬೇಜಾರಾಗಬೇಡಿ. "ಮೊಬೈಲ್ ಇಲ್ಲದ ಉಣ್ಣೂದಿಲ್ರೀ, ನೀವೂ ತೋರಿಸ್ರಿ" ಅಂತ ಹಳೆ ಮೊಬೈಲನ್ನ ಟಿಫಿನ್ ಚೀಲದಲ್ಲೇ ಇಟ್ಟು ಕಳಿಸಿದವರಿದ್ದರು. ಇನ್ನು ಆ ವಾಟ್ಸ್ಆ್ಯಪ್ ಗುಂಪು. ಹನ್ನೊಂದು ಗಂಟೆ ಆದರೆ "ಇವತ್ತು ಫೋಟೋ ಬಂದಿಲ್ಲ" ಅಂತ ಶುರು. ಟಿವಿ ತೆಗೆದ ಮೇಲೂ ನಮ್ಮ ಆಯಾ ಒಂದು ತಾಸು ಮಕ್ಕಳನ್ನ ಫೋನ್ ಕಡೆ ತಿರುಗಿಸಿ "ಇಲ್ಲಿ ನೋಡು, ನಗು" ಅನ್ನೋದರಲ್ಲೇ ಕಳೆಯುತ್ತಿದ್ದಳು. ಅದೂ ಪರದೆಯೇ, ನೀವು ಕೇಳಿ ಮಾಡಿಸಿಕೊಂಡ ಪರದೆ. ನಿಮ್ಮ ನರ್ಸರಿಯಲ್ಲೂ ಇದಿದ್ದರೆ ಮೊದಲು ಅದನ್ನ ಬೇಡ ಅನ್ನಿ. ಆಮೇಲೆ ಟಿವಿ ಬೇಡ ಅನ್ನೋಕೆ ಬಾಯಿ ಬರ್ತದೆ.

ನಾನು ಟಿವಿ ನಿಲ್ಲಿಸಿದ ಮೊದಲ ವಾರ ನರಕ, ಸುಳ್ಳು ಹೇಳೋದಿಲ್ಲ. ಮೂರು ಗಂಟೆಗೆ ಎಲ್ಲ ಸೇರಿ ಒಂದೇ ರಾಗ. ಹೊರಗೆ ಬಿಡೋಣ ಅಂದ್ರೆ ಏಪ್ರಿಲ್ ಬಿಸಿಲು. ಬಚ್ಚಲಲ್ಲಿ ಎರಡು ಬುಟ್ಟಿ ನೀರು ಇಟ್ಟು ಸ್ಟೀಲ್ ಲೋಟ ಕೊಟ್ಟು ಸುರುವಿಕೊಳ್ಳಲು ಬಿಟ್ಟೆವು, ಪಕ್ಕದಲ್ಲೇ ಒಬ್ಬರು ಕೂತು. ನಿಂಬೆಹಣ್ಣಿನಷ್ಟು ಕಣಕ ಕೈಗೆ ಕೊಟ್ಟರೆ ಅರ್ಧ ತಾಸು ಸದ್ದಿಲ್ಲ. ಸ್ವಲ್ಪ ಬಾಯಿಗೂ ಹೋಗ್ತದೆ, ಅದಕ್ಕೆ ಮೇಲೆ ಕಣ್ಣಿರಬೇಕು. ಸೇಂಗಾ, ಹುಣಸೆಬೀಜ ಮಾತ್ರ ಸಣ್ಣ ಮಕ್ಕಳ ಹತ್ತಿರ ತರಲೇ ಇಲ್ಲ, ಗಂಟಲಿಗೆ ಸಿಕ್ಕರೆ ಕಷ್ಟ. ನಾಲ್ಕೂವರೆಗೆ ಗೇಟಿಗೆ ಒಂದು ಆಕಳು ಬರುತ್ತಿತ್ತು ರೊಟ್ಟಿಗೆ. ಅದಕ್ಕೆ ಕಾಯೋದು, ಬಂದ ಮೇಲೆ ರೊಟ್ಟಿ ಹಾಕೋದು, ಹೋದ ಮೇಲೆ ಎಲ್ಲಿಗೆ ಹೋಯ್ತು ಅಂತ ಮಾತಾಡೋದು, ಅಲ್ಲಿಗೆ ಐದು. ಕೊನೆಗೆ ಮಧ್ಯಾಹ್ನ ಮೂರರಿಂದ ಆರಕ್ಕೆ ಇನ್ನೊಬ್ಬ ಹೆಣ್ಣುಮಗಳನ್ನ ಇಟ್ಟುಕೊಂಡೆ. ಫೀಸು ಸ್ವಲ್ಪ ಏರಿಸಿದೆ, ಇಬ್ಬರು ಬಿಟ್ಟು ಹೋದರು. ಇಷ್ಟೆಲ್ಲ ಹೇಳಿದ್ದು ಯಾಕಂದ್ರೆ ಟಿವಿ ಹಚ್ಚುವವರಿಗೆ ಸಾಮಾನ್ಯವಾಗಿ ಮಕ್ಕಳ ಮೇಲೆ ಸಿಟ್ಟಿರೋದಿಲ್ಲ, ಕೈ ಸಾಲೋದಿಲ್ಲ.

ಅದಕ್ಕೇ ನೀವು ಹೋಗಿ "ಟಿವಿ ಯಾಕೆ ತೋರಿಸ್ತೀರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಎಲ್ಲರ ಹತ್ತಿರವೂ ತಯಾರಿರ್ತದೆ. "ಮಧ್ಯಾಹ್ನ ಮೂರರ ಮೇಲೆ ಎಷ್ಟು ಮಕ್ಕಳಿಗೆ ಎಷ್ಟು ಜನ ಇರ್ತೀರಿ?" ಅಂತ ಕೇಳಿ. "ಎರಡು ಕೂಸು ಕೂಡೇ ಅತ್ತರೆ ಏನು ಮಾಡ್ತೀರಿ?" ಅಂತ ಕೇಳಿ. ಗುಂಪಿನಲ್ಲಿ ಬರೆಯಬೇಡಿ, ಎದುರಾ ಎದುರೇ ಮಾತಾಡಿ. ಹದಿನೈದು ದಿನ ನೋಡಿ. ಊಟದ ಹೊತ್ತಿನದು ಮೊದಲು ನಿಲ್ಲಬೇಕು. ಅದಕ್ಕೂ ಒಪ್ಪದಿದ್ದರೆ, ಅಥವಾ ನಿಮ್ಮನ್ನ ಗೇಟಿನಲ್ಲೇ ನಿಲ್ಲಿಸಿ ಒಳಗೆ ಬಿಡದಿದ್ದರೆ, ಬೇರೆ ಕಡೆ ಹುಡುಕಿ. 50 ಅಥವಾ ಹೆಚ್ಚು ನೌಕರರು ಕೆಲಸ ಮಾಡುವ ಕಡೆ ಶಿಶುಪಾಲನೆ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನ ನೋಡಬಹುದು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾನೂನೇ ಹೇಳಿತ್ತು. ಖಾಸಗಿ ನರ್ಸರಿಗೆ ಅದು ನೇರ ಹತ್ತೋದಿಲ್ಲ, ಆದರೆ ತಾಯಿ ನಡುವೆ ಬಂದು ಇಣುಕೋದು ಅತಿರೇಕ ಅಲ್ಲ ಅನ್ನೋಕೆ ಇಷ್ಟು ಸಾಕು.

"ಟಿವಿ ನೋಡಿ ಆಟಿಸಂ ಬರ್ತದಂತೆ" ಅಂತ ಕೊನೆಗೊಂದು ಸಾಲು ಬರೆದಿದ್ದೀರಿ. ಅದನ್ನ ತಲೆಗೆ ಹಚ್ಚಿಕೊಂಡು ನಿದ್ದೆ ಕೆಡಬೇಡಿ. ಆದರೆ ಹೆಸರು ಹಿಡಿದು ಕರೆದರೆ ತಿರುಗೋದಿಲ್ಲ, ಬೆರಳು ಮಾಡಿ ಏನನ್ನೂ ತೋರಿಸೋದಿಲ್ಲ, ಇಷ್ಟು ದಿನಕ್ಕೂ ಅವ್ವ ಅಪ್ಪ ಅನ್ನುವ ಒಂದು ಮಾತೂ ಇಲ್ಲ ಅಂದ್ರೆ ಟಿವಿ ಬಿಡಿಸಿ ನೋಡೋಣ ಅಂತ ತಿಂಗಳು ತಳ್ಳಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.

ಈ ವಾರದಲ್ಲೇ ಒಂದಿನ ನಿಮ್ಮ ಆಫೀಸಿನಲ್ಲಿ ಪರವಾನಗಿ ಕೇಳಿಕೊಂಡು ಮಧ್ಯಾಹ್ನ ಮೂರೂವರೆಗೆ ಹೋಗಿ, ಫೋನ್ ಮಾಡದೆ. ನೀವು ಹೋಗುವಷ್ಟರಲ್ಲಿ ಆರಿಸಿದ್ದರೆ ಟಿವಿ ಹಿಂದೆ ಕೈ ಇಟ್ಟು ನೋಡಿ, ಬೆಚ್ಚಗಿರ್ತದೆ. ಏನು ಕಂಡಿತು ಅಂತ ಇಲ್ಲೇ ಬರೀರಿ ತಂಗಿ, ಮುಂದಿನದು ಮಾತಾಡೋಣ.