ಮಂಗಟ್ಟೆಯ ಎರಡನೇ ಕೊಂಬು ಎಲ್ಲಿದೆ?

ಪ್ರಶ್ನೆ: ದೊಡ್ಡ ಮಂಗಟ್ಟೆಯ (ಗ್ರೇಟ್ ಹಾರ್ನ್‌ಬಿಲ್) ವೈಜ್ಞಾನಿಕ ಹೆಸರು ಬುಸೆರೋಸ್ ಬೈಕಾರ್ನಿಸ್. ಬೈಕಾರ್ನಿಸ್ ಅಂದರೆ ಎರಡು ಕೊಂಬಿನದು. ದಾಂಡೇಲಿಯಲ್ಲಿ ನಾನು ಕಂಡ ಹಕ್ಕಿಗೆ ಒಂದೇ ಇತ್ತು. ಹೆಸರೇ ತಪ್ಪೇ?

ಉತ್ತರ: ಹೆಸರು ಸರಿಯಾಗಿದೆ, ನೀವು ನೋಡಿದ ಕೋನ ಸರಿಯಿಲ್ಲ. ಈ ಪ್ರಶ್ನೆಯ ಜೊತೆಗೆ ಬರುವ ಫೋಟೊಗಳೆಲ್ಲ ಪಕ್ಕದಿಂದ ತೆಗೆದವು. ಹಕ್ಕಿ ನಿಮ್ಮತ್ತ ಮುಖ ಮಾಡುವವರೆಗೆ ಕಾಯಿರಿ. ಕೊಕ್ಕಿನ ಮೇಲಿನ ಹಳದಿ ಶಿರಸ್ತ್ರಾಣದ ನಡುಭಾಗ ತಗ್ಗಾಗಿರುತ್ತದೆ, ಎರಡು ಬದಿಯ ಅಂಚುಗಳು ಎದ್ದು ನಿಂತು ಮುಂದೆ ಚೂಪಾಗಿ ಮುಗಿಯುತ್ತವೆ. ಆ ತುದಿಗಳೇ ಎರಡು ಕೊಂಬು. ಎಳೆಯ ಹಕ್ಕಿಯಲ್ಲಿ ಹುಡುಕಬೇಡಿ. ಮರಿಗೆ ಶಿರಸ್ತ್ರಾಣವೇ ಇರುವುದಿಲ್ಲ, ಪೂರ್ತಿ ಬೆಳೆಯಲು ಸುಮಾರು 5 ವರ್ಷ ಬೇಕು.

"ಕೊಕ್ಕು ಒಂದು, ಶಿರಸ್ತ್ರಾಣ ಒಂದು, ಒಟ್ಟು ಎರಡು" ಎಂಬ ವಿವರಣೆಯನ್ನು ದಯವಿಟ್ಟು ಇನ್ನು ಯಾರೂ ಹಂಚಬೇಡಿ. ಆ ಲೆಕ್ಕದಲ್ಲಿ ಘೇಂಡಾಮೃಗದ ಹೆಸರು ಹೊತ್ತ ರೈನಾಸರಸ್ ಹಾರ್ನ್‌ಬಿಲ್ ಕೂಡ ಬೈಕಾರ್ನಿಸ್ ಆಗಬೇಕಿತ್ತು. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರ ತನ್ನ ಗ್ರಂಥದಲ್ಲಿ ಎರಡನ್ನೂ ಬುಸೆರೋಸ್ ಕುಲಕ್ಕೇ ಸೇರಿಸಿದ, ಆದರೆ ಬೇರೆ ಬೇರೆ ಹೆಸರು ಕೊಟ್ಟ. ಬುಸೆರೋಸ್‌ನ ಮೂಲ ಗ್ರೀಕ್: ಎತ್ತಿನ ಕೊಂಬುಳ್ಳದ್ದು.

ಲಿನೇಯಸ್ ತಪ್ಪಿದ್ದು ಊರಿನ ವಿಷಯದಲ್ಲಿ. ಏಷ್ಯಾಕ್ಕೆ ಎಂದೂ ಬಾರದ ಆತ ಹಕ್ಕಿಯ ನೆಲೆ ಚೀನಾ ಎಂದು ಬರೆದ. ಚೀನಾದಲ್ಲಿ ಅದು ಇರುವುದು ದಕ್ಷಿಣದ ಅಂಚಿನಲ್ಲಷ್ಟೇ; ಅದರ ನಿಜವಾದ ನೆಲೆ ನಮ್ಮ ಪಶ್ಚಿಮ ಘಟ್ಟ, ಹಿಮಾಲಯದ ತಪ್ಪಲು, ಅಲ್ಲಿಂದ ಸುಮಾತ್ರಾದವರೆಗಿನ ಕಾಡು. ಇನ್ನೊಂದು ಮಾತು: ಅದೇ ಗ್ರಂಥದಲ್ಲಿ ಆಫ್ರಿಕಾದ ಕಪ್ಪು ಘೇಂಡಾಮೃಗವೂ ಬೈಕಾರ್ನಿಸ್. ಹಾಗಾಗಿ ಹುಡುಕುವಾಗ ಬುಸೆರೋಸ್ ಬೈಕಾರ್ನಿಸ್ ಎಂದು ಎರಡೂ ಪದ ಬರೆಯಿರಿ.

ಪ್ರಶ್ನೆ: ಮಂಗಟ್ಟೆ ಎಣ್ಣೆ ಕೀಲುನೋವಿಗೆ ಒಳ್ಳೆಯದೇ?

ಉತ್ತರ: ಇಲ್ಲ. ಮಾರುವವನು ಮೋಸಗಾರ, ಹಕ್ಕಿ ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಕೀಲು ನೋಯುತ್ತಿದ್ದರೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಇದರ ಶಿರಸ್ತ್ರಾಣ ದಂತದಷ್ಟು ಬೆಲೆಯದೇ?

ಉತ್ತರ: ಗಟ್ಟಿ ಶಿರಸ್ತ್ರಾಣ ಇರುವುದು ಆಗ್ನೇಯ ಏಷ್ಯಾದ ಹೆಲ್ಮೆಟೆಡ್ ಹಾರ್ನ್‌ಬಿಲ್‌ಗೆ, ಆ ಬೆಲೆಯೇ ಅದನ್ನು ಅಳಿವಿನ ಅಂಚಿಗೆ ತಳ್ಳಿದೆ. ನಮ್ಮದರ ಒಳಗೆ ಬಹುಪಾಲು ಪೊಳ್ಳು.

ಪ್ರಶ್ನೆ: ಗೂಡಿನ ಹತ್ತಿರದಿಂದ ಫೋಟೊ ತೆಗೆಯುವುದು ಹೇಗೆ?

ಉತ್ತರ: ತೆಗೆಯಬೇಡಿ. ಹೆಣ್ಣು ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡಿರುತ್ತದೆ, ರೆಕ್ಕೆಗರಿಯನ್ನೂ ಉದುರಿಸಿಕೊಂಡಿರುತ್ತದೆ. ಸಣ್ಣ ಸೀಳಿನಿಂದ ಗಂಡು ತಂದು ಕೊಡುವ ಹಣ್ಣೇ ಅದಕ್ಕೆ ಆಧಾರ. ನಿಮ್ಮನ್ನು ಕಂಡು ಗಂಡು ಬರದೇ ಹೋದರೆ ಒಳಗಿನ ತಾಯಿ, ಮರಿ ಇಬ್ಬರೂ ಉಪವಾಸ. ಗೂಡಿನ ಜಾಗ ಗೊತ್ತಿದ್ದರೆ ನನಗೂ ಬರೆದು ತಿಳಿಸಬೇಡಿ.