ಎಣ್ಣಿ ಹೊಡೆದ ಮೆಣಸಿನಕಾಯಿ ಹೊಟ್ಟೆಗೆ ಹೋದ ಮೇಲೆ

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಮೆಣಸಿನಗಿಡಕ್ಕೆ ಎಷ್ಟು ಸಲ ಎಣ್ಣಿ ಹೊಡೀತೀವಿ ಅಂತ ನಮಗೇ ಗೊತ್ತು. ಅದೇ ಕಾಯಿ ಕುಟ್ಟಿಸಿ ವರ್ಷವಿಡೀ ಖಾರಪುಡಿ ತಿಂತೀವಿ. ಹೊಟ್ಟೆಗೆ ಹೋದದ್ದು ಹೊರಗೆ ಹೋಗುತ್ತದೋ, ಒಳಗೇ ಕೂಡುತ್ತದೋ?

ಉತ್ತರ: ಕೆಲವು ಹೋಗುತ್ತವೆ, ಕೆಲವು ಕೂತುಬಿಡುತ್ತವೆ. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಅನ್ನುತ್ತೇವಲ್ಲ, ಬಹಳಷ್ಟು ಕೀಟನಾಶಕಗಳ ಗುಣವೂ ಹಾಗೇ, ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಕರುಳಿನ ಜೀವಕೋಶದ ಪೊರೆಯೂ ಕೊಬ್ಬಿನದ್ದೇ. ಹಾಗಾಗಿ ಯಾರನ್ನೂ ಕೇಳದೆ ಒಳಗೆ ನುಗ್ಗುತ್ತವೆ. ಎಣ್ಣಗಾಯಿಯ ಜೊತೆ ಹೋದರಂತೂ ಇನ್ನೂ ಸಲೀಸು.

ಕರುಳಿನಿಂದ ಹೊರಟ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ. ಕಿಡ್ನಿಗೆ ನೀರಿನಲ್ಲಿ ಕರಗುವುದನ್ನು ಮಾತ್ರ ಚೆನ್ನಾಗಿ ಹೊರಹಾಕಲು ಬರುತ್ತದೆ, ಅದಕ್ಕೇ ಕೊಬ್ಬಿನಲ್ಲಿ ಕರಗುವುದನ್ನು ನೀರಿನಲ್ಲಿ ಕರಗುವ ಹಾಗೆ ಮಾಡುವ ಕೆಲಸ ಲಿವರ್ ಪಾಲಿಗೆ ಬಂದಿದೆ. ಎರಡು ಹಂತದಲ್ಲಿ ಮಾಡುತ್ತದೆ. ಮೊದಲು ಕಿಣ್ವಗಳು ಆ ರಾಸಾಯನಿಕಕ್ಕೆ ಒಂದು ಹಿಡಿಕೆ ಕೂರಿಸುತ್ತವೆ. ಆಮೇಲೆ ಆ ಹಿಡಿಕೆಗೆ ಗ್ಲುಟಾಥಯೋನ್ ತರಹದ, ನೀರಿಗೆ ಹೊಂದುವ ತುಂಡೊಂದನ್ನು ಕಟ್ಟುತ್ತವೆ. ಮುಂದೆ ಅದು ಮೂತ್ರದಲ್ಲೋ, ಪಿತ್ತರಸ ಸೇರಿ ಮಲದಲ್ಲೋ ಹೋಗುತ್ತದೆ.

ಕೇಳಲು ಚೆಂದ, ಅಲ್ವಾ? ಆದರೆ ಮೊದಲ ಹಂತ ಕೆಲವು ಸಲ ಕೈಕೊಡುತ್ತದೆ. ಕ್ಲೋರ್‌ಪೈರಿಫಾಸ್ ಅನ್ನುವ ಕೀಟನಾಶಕ ಲಿವರ್‌ಗೆ ಬಂದಾಗ ಅದರೊಳಗಿನ ಗಂಧಕದ ಜಾಗಕ್ಕೆ ಆಮ್ಲಜನಕ ಕೂರುತ್ತದೆ, ಆಗ ಅದು ಮೊದಲಿಗಿಂತ ಜಾಸ್ತಿ ವಿಷ, ನರಗಳ ಕೆಲಸ ಕೆಡಿಸುವುದು ಈ ಹೊಸ ರೂಪವೇ. ಪುಣ್ಯಕ್ಕೆ ಅದನ್ನು ಮುರಿಯುವ ಕಿಣ್ವವೂ ನಮ್ಮ ರಕ್ತದಲ್ಲಿದೆ, ಚೂರುಗಳು ಕೆಲವೇ ದಿನಗಳಲ್ಲಿ ಮೂತ್ರದಲ್ಲಿ ಹೋಗುತ್ತವೆ. ಎಳೆ ಮಕ್ಕಳಲ್ಲಿ ಈ ಕಿಣ್ವ ಕಡಿಮೆ. ದೊಡ್ಡವರಿಗೆ ಏನೂ ಆಗದ ಪ್ರಮಾಣ ಮಗುವಿಗೂ ನಡೆಯುತ್ತದೆ ಅನ್ನಲು ಬರುವುದಿಲ್ಲ.

ಡಿಡಿಟಿ ಕಥೆ ಬೇರೆ. ಅದನ್ನು ಲಿವರ್ ಸುಲಭವಾಗಿ ಮುರಿಯಲಾರದು. ಹಾಗಾಗಿ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ, ತಾಯಿಯ ಹಾಲಿಗೂ ಇಳಿಯುತ್ತದೆ. 1989ರಲ್ಲಿ ಬೆಳೆಗೆ ಹೊಡೆಯುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದ್ದು ಸುಮ್ನೆ ಅಲ್ಲ.

ಇನ್ನು ನಿಮ್ಮ ಕೈಯಲ್ಲಿರುವುದು ಒಂದೇ. ಕೊನೆಯ ಸಲ ಹೊಡೆದ ಮೇಲೆ ಕಾಯಿ ಬಿಡಿಸಲು ಎಷ್ಟು ದಿನ ಕಾಯಬೇಕು ಅಂತ ಡಬ್ಬಿ ಜೊತೆಗಿನ ಚೀಟಿಯಲ್ಲಿ ಬರೆದಿರುತ್ತದೆ, ಅಷ್ಟು ದಿನ ಬಿಡಿ. ಮನೆಗೆ ಅಂತ ನಾಲ್ಕು ಸಾಲು ಎಣ್ಣಿ ಹೊಡೆಯದೆ ಬಿಡುವ ರೈತರೂ ಇದ್ದಾರೆ. ಜಾಣತನವೇ, ಆದರೆ ಸಂತೆಯಲ್ಲಿ ಕೊಳ್ಳುವವರಿಗೂ ಲಿವರ್ ಒಂದೇ ಇರುವುದು.

ಪ್ರಶ್ನೆ: ಬೂಷ್ಟು ಹಿಡಿದ ಶೇಂಗಾ ಚೆನ್ನಾಗಿ ಹುರಿದರೆ ಹಿಂಡಿಗೆ (ಚಟ್ನಿಪುಡಿಗೆ) ನಡೆಯುತ್ತದಾ? ಇಲ್ಲದಿದ್ದರೆ ಎಮ್ಮೆಗಾದರೂ ಹಾಕಲೇ? (ಗದಗದಿಂದ)

ಉತ್ತರ: ಎರಡೂ ಬೇಡ. ಬೂಷ್ಟು ಹುರಿದಾಗ ಸಾಯುತ್ತದೆ, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಅನ್ನುವ ವಿಷ ಪೂರ್ತಿ ಹೋಗುವುದಿಲ್ಲ. ಇಲ್ಲೂ ಕೆಡಿಸುವುದು ಲಿವರ್‌ನ ಆ ಮೊದಲ ಹಂತವೇ. ಅಲ್ಲಿ ಹುಟ್ಟುವ ರೂಪ ಜೀವಕೋಶದ ಡಿಎನ್ಎಗೆ ಅಂಟಿಕೊಳ್ಳುತ್ತದೆ. ಬಹಳ ವರ್ಷ ತಿಂದರೆ ಲಿವರ್ ಕ್ಯಾನ್ಸರ್‌ಗೆ ದಾರಿ, ಹೆಪಟೈಟಿಸ್ ಬಿ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಒಮ್ಮೆಲೇ ಜಾಸ್ತಿ ಹೋದರೆ ಅಷ್ಟು ವರ್ಷವೂ ಬೇಕಿಲ್ಲ: 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಎಮ್ಮೆಗೆ ಹಾಕಿದರೆ ಅದರ ಲಿವರ್ ಸ್ವಲ್ಪ ರೂಪ ಬದಲಿಸಿ ಹಾಲಿಗೆ ಕಳಿಸುತ್ತದೆ. ಹಾಲು ಕಾಯಿಸಿದರೂ ಹೋಗದು. ಅಂದರೆ ನೀವು ಬಿಸಾಡಿದ್ದು ಚಹಾದ ಬಟ್ಟಲಲ್ಲಿ ವಾಪಸ್ ಬಂತು. ಸುಕ್ಕಿದ, ಬಣ್ಣ ಕೆಟ್ಟ ಕಾಳು ಆರಿಸಿ ತೆಗೆಯಿರಿ. ಗಾಣಕ್ಕೆ ಒಯ್ಯುವಾಗಲೂ ಆರಿಸಿಯೇ ಒಯ್ಯಿರಿ, ಗಾಣದ ಎಣ್ಣೆಯನ್ನು ಯಾರೂ ರಿಫೈನ್ ಮಾಡುವುದಿಲ್ಲ, ಕಾಳಿನ ವಿಷ ಎಣ್ಣೆಯಲ್ಲೂ ಉಳಿಯುತ್ತದೆ.

ಪ್ರಶ್ನೆ: ತಂಗಿ ಏಳು ದಿನದ ಡಿಟಾಕ್ಸ್ ಪುಡಿ ತಂದಿದ್ದಾಳೆ. ನಾಲ್ಕು ವರ್ಷದ ಮಗಳಿಗೂ ಕುಡಿಸುತ್ತೇನೆ ಅನ್ನುತ್ತಾಳೆ. (ಹುಬ್ಬಳ್ಳಿಯಿಂದ)

ಉತ್ತರ: ಮಗುವಿಗೆ ಖಂಡಿತ ಬೇಡ. ಕೊಬ್ಬಿನಲ್ಲಿ ಕೂತ ಡಿಡಿಟಿಯನ್ನಾಗಲಿ, ಮೂಳೆ ಸೇರಿದ ಸೀಸವನ್ನಾಗಲಿ ಏಳು ದಿನದಲ್ಲಿ ಎಳೆದು ತರುವ ಪುಡಿ ಇಲ್ಲ. ಸೀಸದ ಮಾತು ಬಂತು ಅಂತ ಹೇಳುತ್ತೇನೆ: ತಿಂದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲೊಂದು ಪಾಲು ಹೀರಿದರೆ ಮಗುವಿನದು ಅರ್ಧದ ತನಕ ಹೀರುತ್ತದೆ. ಕ್ಯಾಲ್ಸಿಯಂ, ಕಬ್ಬಿಣ ಕಡಿಮೆ ಇದ್ದರೆ ಇನ್ನೂ ಜಾಸ್ತಿ, ಯಾಕೆಂದರೆ ಅವು ಹೋಗುವ ದಾರಿಯಲ್ಲೇ ಸೀಸವೂ ನುಸುಳುತ್ತದೆ. ಮೂಳೆಗೆ ಹೋದದ್ದು ಹತ್ತಾರು ವರ್ಷ ಅಲ್ಲೇ. ಬಿಡಿಯಾಗಿ ಮಾರುವ, ಕಣ್ಣು ಕುಕ್ಕುವ ಹಳದಿಯ ಅರಿಶಿನ ಪುಡಿಗೆ ಸೀಸದ ಬಣ್ಣ ಬೆರೆಸುವವರಿದ್ದಾರೆ. ತಂಗಿಗೆ ಹೇಳಿ, ಆ ಪುಡಿಯ ದುಡ್ಡಿಗೆ ಅರಿಶಿನ ಕೊಂಬು ತಂದು ಗಿರಣಿಯಲ್ಲಿ ಬೀಸಿಸಲಿ, ಮಗುವಿಗೆ ಮೊಸರು, ಮೆಂತ್ಯ ಪಲ್ಯ ಹಾಕಲಿ.